ಕ್ಯಾಮೊಮೈಲ್ ತೈಲದ ನೀಲವರ್ಣ

ಯೂರೋಪಿನ ಗೃಹವೈದ್ಯದಲ್ಲಿ ಕ್ಯಾಮೊಮೈಲ್ ಎಂಬ ಪುಟ್ಟ ಹೂವಿಗಿರುವ ಮನ್ನಣೆ ನಮ್ಮ ಮನೆಗಳಲ್ಲಿ ತುಲಸಿಗಿರುವುದನ್ನು ನೆನಪಿಗೆ ತರುತ್ತದೆ. ಇದು ಸೇವಂತಿಗೆಯ ಕುಲಕ್ಕೆ ಸೇರಿದುದು. ನಡುವೆ ಉಬ್ಬಿದ ಹಳದಿ, ಸುತ್ತಲೂ ಬಿಳಿಯ ಎಸಳು. ಇದರ ಕಂಪು ಸೇಬಿನ ಹಣ್ಣನ್ನು ಹೋಲುವುದರಿಂದ ಗ್ರೀಕರು ‘ನೆಲದ ಸೇಬು’ ಎಂಬ ಅರ್ಥದ ಹೆಸರನ್ನಿಟ್ಟರು. ಯುನಾನಿ ವೈದ್ಯರು ಹೇಳುವ ಬಾಬೂನಾ ಇದೇ. ರೋಮನ್, ಜರ್ಮನ್ ಎಂದು ಎರಡು ಬಗೆಯ ಗಿಡಗಳುಂಟು; ಇಲ್ಲಿ ವಿಚಾರಿಸುವುದು ಜರ್ಮನ್ ಗಿಡವನ್ನು.

ಒಣಗಿದ ಹೂವನ್ನು ಹಬೆಯಲ್ಲಿ ಭಟ್ಟಿಯಿಳಿಸಿದರೆ ನೂರು ಪಾಲಿಗೆ ಒಂದು ಪಾಲಿನಷ್ಟೋ ಅದಕ್ಕಿಂತ ಕಡಮೆಯೋ ತೈಲವು ದೊರೆಯುತ್ತದೆ. 1916ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾದ ಗಂಧದೆಣ್ಣೆಯ ಉದ್ಯಮದ ಕ್ರಮವೂ ಇಂಥದೇ. ಆದರೆ ಗಂಧದೆಣ್ಣೆ ತಿಳಿಹಳದಿ. ಬಿಳಿ ಹಳದಿಗಳ ಈ ಹೂವಿನಿಂದ ಇಳಿಯುವ ತೈಲವೋ ಕಡು ನೀಲಿ! ಹೂವಿನಲ್ಲಿ ಎಲ್ಲಿಯೂ ಕಾಣದ ಈ ಬಣ್ಣವು ಎಲ್ಲಿಂದ ಬಂದಿತು? ಶತಮಾನಗಳ ಕಾಲ ಈ ತೈಲವನ್ನು ಇಳಿಸಿದವರಾರೂ ಇದಕ್ಕೆ ಉತ್ತರವನ್ನು ಅರಿಯರು.

1863ರಲ್ಲಿ ಸುಗಂಧದ್ರವ್ಯಗಳ ತಜ್ಞನಾದ ಸೆಪ್ಟಿಮಸ್ ಪೀಸ್ ಎಂಬವನು ಇಂತಹ ನೀಲದ್ರವ್ಯಕ್ಕೆ ಅಜುಲೀನ್ ಎಂದು ಹೆಸರಿಟ್ಟನು. ರುಜಿಚ್ಕ ಮೊದಲಾದವರ ಶೋಧನೆಗಳ ಬಳಿಕ 1937ರಲ್ಲಿ ಪ್ಲಾಟ್ನರನು ಅಜುಲೀನನ್ನು ಪ್ರಯೋಗಶಾಲೆಯಲ್ಲಿಯೇ ರಚಿಸಿದನು. ಬಟ್ಟೆಯ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆಯ ನ್ಯಾಫ್ತಲೀನಿನಲ್ಲಿಯೂ ಅಜುಲೀನಿನಲ್ಲಿಯೂ ಇರುವುದು ಹತ್ತು ಇಂಗಾಲ, ಎಂಟು ಜಲಜನಕದ ಪರಮಾಣುಗಳೇ. ಮೊದಲನೆಯದರಲ್ಲಿ ಆರಾರು ಪರಮಾಣುಗಳ ಎರಡು ಉಂಗುರಗಳು. ಎರಡನೆಯದರಲ್ಲಿ ಐದರದೊಂದು, ಏಳರದೊಂದು. ಇಷ್ಟೇ ಭೇದದಿಂದ ಒಂದು ಬಿಳಿ, ಇನ್ನೊಂದು ನೀಲಿ.

ಕ್ಯಾಮೊಮೈಲಿನ ನೀಲಿಗೆ ಕಾರಣವಾದುದು ಇದೇ ವಂಶದ ಕ್ಯಾಮಜುಲೀನ್. ಇದರಲ್ಲಿ ಇಂಗಾಲ ಹದಿನಾಲ್ಕು, ಜಲಜನಕ ಹದಿನಾರು. ಇದು ಹೂವಿನಲ್ಲಿ ಇರುವುದೇ ಇಲ್ಲ. ಹೂವಿನಲ್ಲಿರುವುದು ಮ್ಯಾಟ್ರಿಸಿನ್ ಎಂಬ ವರ್ಣಹೀನವಾದ ವಸ್ತು. ಬಿಸಿಹಬೆಯು ತಗುಲಿದೊಡನೆ ಅದು ಒಡೆದು, ಕಡೆಗೆ ಇಂಗಾಲಾಮ್ಲವಾಯುವನ್ನೂ ಕಳೆದುಕೊಂಡು ಕ್ಯಾಮಜುಲೀನ್ ಆಗಿ ಮಾರ್ಪಡುತ್ತದೆ. ಎಂದರೆ ನೀಲಿಯು ಹುಟ್ಟುವುದು ಭಟ್ಟಿಯ ಪಾತ್ರೆಯಲ್ಲಿ. ಇಂದು ಒತ್ತಡದಲ್ಲಿಟ್ಟ ಇಂಗಾಲಾಮ್ಲವಾಯುವಿನಿಂದ ಹೂವಿನ ಸಾರವನ್ನು ತೆಗೆಯುವ ಕ್ರಮವುಂಟು. ಅಲ್ಲಿ ಮ್ಯಾಟ್ರಿಸಿನ್ ಒಡೆಯದೆ ಉಳಿಯುವುದರಿಂದ ಸಾರವು ನೀಲಿಯಾಗದು.

ಕಣ್ಣಿಗೆ ಹೊಡೆಯುವ ಬಣ್ಣವೇ ಗುಣವೆಂದು ಜನರು ಬಗೆದುದು ಸಹಜ. ಕ್ಯಾಮಜುಲೀನಿಗೆ ಉರಿಯೂತವನ್ನು ತಗ್ಗಿಸುವ ಶಕ್ತಿಯಿದೆಯೆಂದು ಪ್ರಯೋಗಶಾಲೆಗಳಲ್ಲಿ ಕಂಡಿರುವುದು ನಿಜ. ಆದರೆ ಬಣ್ಣವಿಲ್ಲದ ಬಿಸಬೊಲಾಲ್ ಎಂಬುದೂ ಅಂತಹದೇ ಗುಣವುಳ್ಳದ್ದು. ಅನೇಕ ತೈಲಗಳಲ್ಲಿ ಅದೂ ಅದರ ಆಕ್ಸೈಡುಗಳೂ ಕ್ಯಾಮಜುಲೀನಿಗಿಂತ ಹೆಚ್ಚಾಗಿರುತ್ತವೆ. ಇನ್ನು ಎಪಿಜೆನಿನ್ ಎಂಬ ಹಳದಿಯ ದ್ರವ್ಯವು ಹಬೆಯೊಡನೆ ಮೇಲೇರದು. ಅದರ ಅಂಶವೇನಿದ್ದರೂ ಹೂವಿನ ಕಷಾಯದಲ್ಲಿ. ಆದುದರಿಂದ ಕಷಾಯವನ್ನೂ ತೈಲವನ್ನೂ ಒಂದೇ ಔಷಧವೆಂದು ಭಾವಿಸುವುದು ಸರಿಯಲ್ಲ. ಕಷಾಯವನ್ನು ಕುಡಿಯುವವರುಂಟೆಂದು ತೈಲವನ್ನೂ ಕುಡಿಯಬಾರದು. ಅದು ಬಲು ಗಾಢವಾದುದು. ಸೇವಂತಿಗೆಯ ಜಾತಿಯ ಹೂಗಳು ಮೈಗೊಗ್ಗದವರು ಎರಡನ್ನೂ ದೂರವಿಡುವುದು ಲೇಸು.

2015ರಲ್ಲಿ ಯೂರೋಪಿನ ಔಷಧ ಸಂಸ್ಥೆಯು ಈ ಹೂವನ್ನು ಹೊಟ್ಟೆಯುಬ್ಬರ, ನೆಗಡಿ, ಬಾಯಿ ಗಂಟಲುಗಳ ಸಣ್ಣ ಉರಿ ಮುಂತಾದವುಗಳಿಗೆ ಅಂಗೀಕರಿಸಿತು. ಅದಕ್ಕೆ ಆಧಾರವಾಗಿ ಹಿಡಿದುದು ದೀರ್ಘಕಾಲದ ಬಳಕೆಯನ್ನೇ ಹೊರತು ರೋಗಿಗಳ ಮೇಲಿನ ಪರೀಕ್ಷೆಗಳನ್ನಲ್ಲ. ಕೊಳ್ಳುವವರು ಬಣ್ಣವನ್ನು ನಂಬಿದ ಮೇಲೆ ಮಾರುವವರಿಗೆ ಕೆಲಸ ಸುಲಭವಷ್ಟೆ: ಕೃತಕವಾದ ಅಜುಲೀನನ್ನು ಬೆರಸಿ ಅಗ್ಗದ ತೈಲವನ್ನು ನೀಲಿಯಾಗಿಸುವ ಮೋಸವು ಈ ವ್ಯಾಪಾರದಲ್ಲಿ ಪರಿಚಿತವಾದುದು. ನಿಜವಾದ ತೈಲದ ನೀಲಿಯಾದರೂ ಸ್ಥಿರವಲ್ಲ. ಗಾಳಿ ಬೆಳಕುಗಳು ಸೋಕುತ್ತಿದ್ದರೆ ಅದು ಮೊದಲು ಹಸುರಾಗಿ, ಬಳಿಕ ಕಂದುಬಣ್ಣಕ್ಕೆ ತಿರುಗುತ್ತದೆ.