ಕಲಾದಗಿ ಸೀಮೆಯಲ್ಲಿ ಸೋಡಚೀಟಿ ಮತ್ತು ಜೀವನಾಂಶ

ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು 1885ರವರೆಗೆ ಕಲಾದಗಿಯೇ ಕೇಂದ್ರವಾಗಿದ್ದ ಜಿಲ್ಲೆಗೆ ಸೇರಿದ್ದುವು. ಈ ಸೀಮೆಯ ಹಲವು ಜಾತಿಗಳಲ್ಲಿ ವಿಚ್ಛೇದನವೂ ವಿಧವಾವಿವಾಹವೂ ರೂಢಿಯಲ್ಲಿದ್ದುದನ್ನು 1884ರ ಗ್ಯಾಝೆಟಿಯರು ದಾಖಲಿಸಿದೆ. ದೈವದವರ ಸಮಕ್ಷಮ ಸೋಡಚೀಟಿಯಾದರೆ ಸಂಬಂಧ ಕಡಿಯುತ್ತಿತ್ತು, ಹೆಂಗಸು ಉಡಿಕೆಯಾಗಬಹುದಾಗಿತ್ತು. ಆ ಬಳಿಕ ಆಕೆಯ ಮತ್ತು ಮಕ್ಕಳ ಅನ್ನವಸ್ತ್ರದ ಹೊಣೆ ಯಾರದೆಂಬುದೇ ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ಗಂಡನ ಸಮ್ಮತಿಯಿಲ್ಲದೆ ಜಾತಿಯವರು ಕೊಡುವ ಬಿಡುಗಡೆಯನ್ನು ಮುಂಬಯಿ ಹೈಕೋರ್ಟು ಮನ್ನಿಸಲಿಲ್ಲ. 1876ರ ಶಂಭು ರಘು ಮೊಕದ್ದಮೆಯಲ್ಲಿ, ವಿವಾಹವನ್ನು ರದ್ದುಗೊಳಿಸುವ ಅಧಿಕಾರ ಜಾತಿಗಿಲ್ಲವೆಂದು ಅದು ತೀರ್ಮಾನಿಸಿತು. ಅಂಥ ಬಿಡುಗಡೆಯನ್ನು ನಂಬಿ ಮರುಮದುವೆಯಾದವಳು ಅಪರಾಧಿಯೆನಿಸುವ ಭಯವಿತ್ತು. ಬಿಡುಗಡೆ ಸಿಂಧುವಾದರೆ ಮತ್ತೊಂದು ತೊಡಕು. ಜೀವನಾಂಶ ಕೊಡಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ 1872ರ ಫೌಜದಾರಿ ಸಂಹಿತೆಯ 536ನೆಯ ಕಲಮೂ 1898ರ ಸಂಹಿತೆಯ 488ನೆಯ ಕಲಮೂ ಕೊಟ್ಟಿದ್ದುವು; ಆದರೆ ಅವು ಹೇಳಿದ್ದು ‘ಹೆಂಡತಿ’ಯನ್ನು ಕುರಿತು, ವಿಚ್ಛೇದಿತೆಯನ್ನು ಕುರಿತಲ್ಲ. ಸೋಡಚೀಟಿಯೊಡನೆ ಆಕೆಯ ಹಕ್ಕೂ ಮುಗಿಯುತ್ತಿತ್ತು.

ಮಗುವಿನ ಹಕ್ಕು ಹಾಗಲ್ಲ. ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಮಗು, ಔರಸವಾಗಲಿ ಅಲ್ಲದಿರಲಿ, ತಂದೆಯಿಂದ ಜೀವನಾಂಶ ಪಡೆಯಬಹುದಾಗಿತ್ತು. ತಾಯಿತಂದೆಗಳ ಬಿಡುಗಡೆಯಿಂದ ಇದಕ್ಕೆ ಬಾಧೆಯಿರಲಿಲ್ಲ. ಮೊತ್ತದ ಮೇಲ್ಮಿತಿ ತಿಂಗಳಿಗೆ 50 ರೂಪಾಯಿ. ಅದು 1923ರಲ್ಲಿ 100ಕ್ಕೂ 1955ರಲ್ಲಿ 500ಕ್ಕೂ ಏರಿತು. ಆಜ್ಞೆಯನ್ನು ಪಾಲಿಸದೆ ಬಾಕಿಯುಳಿಸಿದವನಿಗೆ ಸೆರೆವಾಸ ವಿಧಿಸಬಹುದಾಗಿತ್ತು.

1955ರ ಹಿಂದೂ ವಿವಾಹ ಕಾಯಿದೆ ಎರಡು ಮಾರ್ಗಗಳನ್ನು ಉಳಿಸಿತು. 25ನೆಯ ಕಲಮು ನ್ಯಾಯಾಲಯದ ಡಿಕ್ರಿಯೊಡನೆ ಶಾಶ್ವತ ಜೀವನಾಂಶವನ್ನು ಒದಗಿಸಿತು. ಉಭಯರ ಆದಾಯ, ಆಸ್ತಿ, ನಡತೆಗಳನ್ನು ಪರಿಶೀಲಿಸಿ ಮೊತ್ತವನ್ನು ನಿಗದಿ ಮಾಡಬೇಕು. 29ನೆಯ ಕಲಮು ರೂಢಿಯ ವಿಚ್ಛೇದನವನ್ನೂ ಮಾನ್ಯವಾಗಿಯೇ ಇರಿಸಿತು. ಆದರೆ ರೂಢಿಯಲ್ಲಿ ಡಿಕ್ರಿಯಿಲ್ಲ. ಡಿಕ್ರಿಯಿಲ್ಲದವಳಿಗೆ 25ನೆಯ ಕಲಮಿನ ಆಸರೆಯೂ ಇಲ್ಲ. ಇಳಕಲ್ಲಿನ ಮಗ್ಗದ ಮನೆಯಲ್ಲಿ ನೂಲು ಸುತ್ತಿ ದುಡಿದವಳು ಸೋಡಚೀಟಿ ಪಡೆದಳೆಂದರೆ ಅವಳ ಸ್ಥಿತಿ ಇದೇ.

ಈ ಕೊರತೆಯನ್ನು ನೀಗಿಸಿದುದು 1973ರ ಸಂಹಿತೆಯ 125ನೆಯ ಕಲಮು. ಮರುವಿವಾಹವಾಗದ ವಿಚ್ಛೇದಿತೆಯನ್ನೂ ಅದು ‘ಹೆಂಡತಿ’ ಎಂಬ ಪದದಲ್ಲಿ ಸೇರಿಸಿತು. 500 ರೂಪಾಯಿಗಳ ಮಿತಿ 2001ರಲ್ಲಿ ರದ್ದಾಯಿತು. 2020ರ ರಜನೀಶ್–ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಉಭಯರೂ ಆದಾಯ ಆಸ್ತಿಗಳ ಪ್ರಮಾಣಪತ್ರ ಸಲ್ಲಿಸಬೇಕೆಂದೂ ಜೀವನಾಂಶವನ್ನು ಅರ್ಜಿಯ ದಿನಾಂಕದಿಂದಲೇ ಕೊಡಿಸಬೇಕೆಂದೂ ವಿಧಿಸಿತು. 2024ರ ಜುಲೈ 1ರಿಂದ ಅದೇ ವಿಧಿ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ.

ಸಂಬಂಧವನ್ನು ಬಿಡಿಸುವ ಸ್ವಾತಂತ್ರ್ಯವನ್ನು ಕಲಾದಗಿ ಸೀಮೆಯ ರೂಢಿ ಕಾಯಿದೆಗಿಂತ ಮೊದಲೇ ಕೊಟ್ಟಿತ್ತು. ಬಿಡುಗಡೆಯಾದವಳ ಬದುಕಿನ ಹೊಣೆಯನ್ನು ಫೌಜದಾರಿ ಕಾಯಿದೆ ಒಪ್ಪಿದುದು ಶತಮಾನದಷ್ಟು ತಡವಾಗಿ. ಕೇವಲ ವಿಚ್ಛೇದನದ ಹಕ್ಕಿನಿಂದ ಸ್ತ್ರೀಯರ ಸ್ಥಾನಮಾನವನ್ನು ಅಳೆಯುವ ಇತಿಹಾಸಕಾರರು ಈ ಅಂತರವನ್ನು ಮರೆಯಲಾಗದು.