ಹೆಸರಿಲ್ಲದವರ ಗೋರಿಗಳು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಪ್ರದೇಶಕ್ಕೆ ಶಾಸನಗಳಲ್ಲಿ ಎಡೆದೊರೆನಾಡು ಎಂಬ ಹೆಸರಿದೆ. ದೇವಸುಗೂರು, ರಾಯಚೂರು, ಮಾನ್ವಿ, ದೇವದುರ್ಗಗಳೆಲ್ಲ ಈ ನಾಡಿನವೇ. ಇಲ್ಲಿ ಆಳಿದವರ ಹೆಸರುಗಳು ಕೋಟೆ, ಗುಡಿ, ಮಸೀದಿಗಳ ಕಲ್ಲುಗಳಲ್ಲಿ ಉಳಿದಿವೆ. ಆದರೆ ಅವರೆಲ್ಲರಿಗಿಂತ ಮೊದಲಿನವರು ಬಿಟ್ಟುಹೋದ ಗೋರಿಗಳಲ್ಲಿ ಒಂದಕ್ಷರವೂ ಇಲ್ಲ.

ಇವುಗಳಲ್ಲಿ ಅತಿ ದೊಡ್ಡದು ಗಂಗಾವತಿ ಸಮೀಪದ ಹಿರೇಬೆಣಕಲ್ಲಿನ ಗುಡ್ಡದ ಮೇಲಿದೆ. 1997ರಲ್ಲಿ ಕೊಪ್ಪಳ ಜಿಲ್ಲೆ ರಚನೆಯಾಗುವವರೆಗೂ ಈ ಊರು ರಾಯಚೂರು ಜಿಲ್ಲೆಗೇ ಸೇರಿತ್ತು. ಸುಮಾರು 400 ಶಿಲಾಗೋರಿಗಳು ಇಲ್ಲಿವೆ. ನಾಲ್ಕು ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ ಮೇಲೊಂದನ್ನು ಹೊದಿಸಿದ ಕಲ್ಮನೆಗಳು ಇವು. ಕೆಲವು ಆಳೆತ್ತರವನ್ನೂ ಮೀರುತ್ತವೆ. ಎಷ್ಟೋ ಗೋರಿಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಗುಡ್ಡದ ಮೇಲೊಂದು ಕೊಳವೂ, ಬಡಿದರೆ ಬಹುದೂರ ಕೇಳಿಸುವ ನಗಾರಿಯಂತಹ ಬಂಡೆಯೂ ಇವೆ. ಸತ್ತವರನ್ನು ಹೊತ್ತು ತಂದಾಗ ಅದನ್ನು ಬಾರಿಸುತ್ತಿದ್ದರೇನೋ!

ಸುತ್ತಲಿನ ಜನ ಇದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಮೋರ್ಯರೆಂದರೆ ಗಿಡ್ಡ ಜನ, ಇವು ಅವರು ಬಾಳಿದ ಮನೆಗಳು ಎಂಬುದು ನಂಬಿಕೆ. ಅಷ್ಟು ಚಿಕ್ಕ ಕಿಂಡಿಯಿಂದ ಒಳಹೋಗುವವರು ಗಿಡ್ಡರೇ ಇರಬೇಕಲ್ಲವೆ? ತರ್ಕ ತಪ್ಪಾದರೂ ಸೊಗಸಾಗಿದೆ.

ಈ ಗೋರಿಗಳನ್ನು ಮೊದಲು ಕಣ್ಣಿಟ್ಟು ನೋಡಿದ ವಿದೇಶೀಯ ಮೆಡೋಸ್ ಟೇಲರ್. ಸುರಪುರದಲ್ಲಿ ಬ್ರಿಟಿಷರ ಅಧಿಕಾರಿಯಾಗಿದ್ದ ಈತ ರಾಜನಕೋಳೂರಿನ ಗೋರಿಗಳನ್ನು ವಿವರಿಸಿದ, ಜೇವರ್ಗಿಯಲ್ಲಿ ಕೆಲವನ್ನು ಅಗೆಸಿದ. ರುಂಡ ಮುಂಡ ಬೇರೆಯಾದ ಅಸ್ಥಿಗಳು ಸಿಕ್ಕಾಗ ನರಬಲಿಯೆಂದು ಊಹಿಸಿದ. ಆದರೆ ಎಲುಬು ಬೇರೆಬೇರೆಯಾಗಿದ್ದ ಮಾತ್ರಕ್ಕೆ ಬಲಿ ಎನ್ನಲಾಗದು. ಶವ ಕರಗಿದ ಮೇಲೆ ಉಳಿದ ಎಲುಬುಗಳನ್ನಷ್ಟೇ ಆಯ್ದು ತಂದು ಹೂಳುವ ಪದ್ಧತಿ ಆ ಕಾಲದಲ್ಲಿತ್ತೆಂಬುದನ್ನು ದಕ್ಷಿಣದ ಹಲವು ಉತ್ಖನನಗಳು ತೋರಿಸಿವೆ. ಜತೆಗೆ ಕಪ್ಪು-ಕೆಂಪು ಬಣ್ಣದ ಮಡಕೆ, ಕಬ್ಬಿಣದ ಆಯುಧ, ಮಣಿಗಳನ್ನೂ ಇಡುತ್ತಿದ್ದರು.

ಕಾಲದ ಲೆಕ್ಕ ಸ್ಪಷ್ಟವಾಗತೊಡಗಿದ್ದು 1947ರಲ್ಲಿ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆಸಿದ ಮೇಲೆ. 1954ರಲ್ಲಿ ಬಿ. ಕೆ. ಥಾಪರ್ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಉತ್ಖನನ ನಡೆಸಿದರು. ಅಲ್ಲೂ ಇದೇ ಸಂಸ್ಕೃತಿಯ ಸಮಾಧಿಗಳು ದೊರೆತವು. ಹಿರೇಬೆಣಕಲ್ಲಿನ ಗೋರಿಗಳನ್ನು ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವಿನವು ಎನ್ನಲಾಗುತ್ತದೆ.

ಇಲ್ಲಿ ಮಸ್ಕಿಯ ಇನ್ನೊಂದು ಕಲ್ಲು ನೆನಪಾಗುತ್ತದೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿದ್ದ ಬ್ರಾಹ್ಮೀ ಶಾಸನ ಅದು. ದೇವಾನಾಂಪ್ರಿಯನೆಂಬ ಅರಸ ಅಶೋಕನೇ ಎಂಬುದು ಖಚಿತವಾದದ್ದು ಅದರಿಂದ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಬಂಡೆಯ ಮೇಲೆ ಚಕ್ರವರ್ತಿಯ ಹೆಸರು ಮೂಡುತ್ತಿದ್ದಾಗ ಈ ನಾಡಿನ ಜನ ತಮ್ಮವರನ್ನು ಇನ್ನೂ ಹೆಸರಿಲ್ಲದ ಕಲ್ಲುಗಳಡಿಯಲ್ಲೇ ಇಡುತ್ತಿದ್ದರು. ಮೋರ್ಯ ಎಂಬ ಮಾತಿಗೂ ಮೌರ್ಯ ವಂಶಕ್ಕೂ ನಂಟು ಕಲ್ಪಿಸುವವರಿದ್ದಾರೆ. ಆದರೆ ಗೋರಿಗಳಲ್ಲಿ ಬಹುಪಾಲು ಮೌರ್ಯರಿಗಿಂತ ಹಳೆಯವು.

ಹೆಸರಿಲ್ಲದ್ದಕ್ಕೆ ವಾರಸುದಾರರೂ ಇಲ್ಲವೆಂದು ಭಾವಿಸಿದವರು ಬಹಳ. ನಿಧಿಯಾಸೆಗೆ ಚಪ್ಪಡಿ ಉರುಳಿಸಿದವರಿಗೆ ಸಿಕ್ಕಿದ್ದು ಮಡಕೆ ಚೂರು. ಹಾಗೆ ಕದಡಿದ ಗೋರಿಯೊಳಗೆ ಯಾವ ಎಲುಬು ಯಾವ ಮಡಕೆಯ ಬದಿಗಿತ್ತೆಂದು ಯಾವ ಪಂಡಿತನೂ ಹೇಳಲಾರ. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿಗೆ ಸೇರಿತು. ಬಯಲುಸೀಮೆಯ ಹೊಲಗಳಲ್ಲಿ ಚದುರಿರುವ ಸಣ್ಣ ಶಿಲಾವೃತ್ತಗಳಿಗೆ ಆ ಭಾಗ್ಯವಿಲ್ಲ. ನೇಗಿಲಿಗೆ ಅಡ್ಡ ಬಂದರೆ ಆ ಕಲ್ಲುಗಳು ಬದುವಿಗೆ ಹೋಗಿ ಬೀಳುತ್ತವೆ.