ನಾಳೆಯ ಕಾರಿಗೊಂದು ಬೆಲೆಚೀಟಿ

ವಿಜ್ಞಾನ ಕಥೆಗಳಲ್ಲಿ ಕಾರು ಹಾರುತ್ತದೆ, ಮಾತಾಡುತ್ತದೆ, ಗುಂಡು ಹಾರಿಸುತ್ತದೆ. ಅದರ ಬೆಲೆ ಎಷ್ಟು, ಮಾರುವವರು ಯಾರು ಎಂದು ಯೋಚಿಸಿದ ಕಥೆಗಾರರು ಕಡಿಮೆ. ಹಾಗೆ ಯೋಚಿಸಿದವರು ಕಟ್ಟಿದ ಲೋಕಗಳನ್ನೇ ನಾವು ಸುಲಭವಾಗಿ ನಂಬುತ್ತೇವೆ. ಕಂಪನಿಗಳೇ ಸರ್ಕಾರವಾಗಿ, ಬಡವರು ನಿಯಾನ್ ದೀಪದ ಕೆಳಗೆ ಕೊಳೆಯುವ ಸೈಬರ್‌ಪಂಕ್ ನಗರಗಳಲ್ಲಿ ಕಾರು ಮಾರಾಟದ ಸರಕಾದ ಬಗೆಯನ್ನು ನೋಡಿದರೆ ಇದು ತಿಳಿಯುತ್ತದೆ.

ಈ ಲೋಕದ ನೋಟವನ್ನು ರೂಪಿಸಿದ್ದು ರಿಡ್ಲಿ ಸ್ಕಾಟ್ ನಿರ್ದೇಶನದ ‘ಬ್ಲೇಡ್ ರನ್ನರ್’ (1982). ಅದರ ಹಾರುವ ‘ಸ್ಪಿನ್ನರ್’ ಅನ್ನು ಚಿತ್ರಿಸಿದ ಸಿಡ್ ಮೀಡ್ ಹಿಂದೆ ಫೋರ್ಡ್ ಕಂಪನಿಯ ವಿನ್ಯಾಸಕಾರರಾಗಿದ್ದವರು. ಹೊಸ ಯಂತ್ರ ಬಂದರೂ ಹಳೆಯದು ಹೋಗುವುದಿಲ್ಲ, ತೇಪೆ ಹಚ್ಚಿಸಿಕೊಂಡು ಓಡುತ್ತಲೇ ಇರುತ್ತದೆ ಎಂಬುದು ಅವರ ದೊಡ್ಡ ಹೊಳಹು. ಆದರೆ ಸ್ಪಿನ್ನರ್ ಪೊಲೀಸರ ಸ್ವತ್ತು. ಜನ ಅದನ್ನು ಕತ್ತೆತ್ತಿ ನೋಡಬಹುದಷ್ಟೆ. ಮೂರು ವರ್ಷ ಮೊದಲು ಬಂದ ‘ಮ್ಯಾಡ್ ಮ್ಯಾಕ್ಸ್’ನ ಕಪ್ಪು ಫೋರ್ಡ್ ಫಾಲ್ಕನ್ ಕೂಡ ಅಂಗಡಿಯಲ್ಲಿ ಸಿಗುವ ಮಾಲಲ್ಲ.

ಬೆಲೆಚೀಟಿ ಅಂಟಿಸಿದವರು ಸಿನಿಮಾದವರಲ್ಲ, ಟೇಬಲ್ ಮೇಲೆ ಆಡುವ ಆಟಗಳನ್ನು ಬರೆದವರು. ಟೆಕ್ಸಾಸ್‌ನ ಸ್ಟೀವ್ ಜಾಕ್ಸನ್ ಗೇಮ್ಸ್ 1980ರಲ್ಲಿ ತಂದ ‘ಕಾರ್ ವಾರ್ಸ್’ ಐವತ್ತು ವರ್ಷ ಮುಂದಿನ, ಹರಿದು ಹೋದ ಅಮೆರಿಕದ ಹೆದ್ದಾರಿ ಕಾಳಗದ ಆಟ. ಅದರ ನಿಜವಾದ ರುಚಿ ಇದ್ದದ್ದು ಕಾಳಗಕ್ಕಿಂತ ಖರೀದಿಯಲ್ಲಿ. ಟೈರು, ಕವಚ, ಮಷಿನ್‌ಗನ್ ಎಲ್ಲಕ್ಕೂ ಇಂತಿಷ್ಟು ದುಡ್ಡು, ಇಂತಿಷ್ಟು ತೂಕ, ಇಂತಿಷ್ಟು ಜಾಗ. ಇರುವ ಕಾಸಿನಲ್ಲಿ ಹಿಂದಿನ ಕವಚ ಬಿಟ್ಟು ಮುಂದಿನ ಬಂದೂಕು ಕೊಳ್ಳುವುದೋ ಬೇಡವೋ ಎಂದು ಹುಡುಗರು ಪೆನ್ಸಿಲ್ ಕಚ್ಚುತ್ತ ಕೂರುತ್ತಿದ್ದರು. 1983ರಿಂದ ಬಂದ ಅದರ ತ್ರೈಮಾಸಿಕ ‘ಆಟೋಡ್ಯುಯಲ್ ಕ್ವಾರ್ಟರ್ಲಿ’ ತನ್ನ ಸಂಚಿಕೆಗಳಿಗೆ ಐವತ್ತು ವರ್ಷ ಮುಂದಿನ ತಾರೀಖು ಹಾಕಿಕೊಂಡು, ಇಲ್ಲದ ಕಾರುಗಳ ಜಾಹೀರಾತುಗಳನ್ನು ಅಚ್ಚುಹಾಕುತ್ತಿತ್ತು. ಮೈಕ್ ಪಾಂಡ್‌ಸ್ಮಿತ್ 1988ರಲ್ಲಿ ‘ಸೈಬರ್‌ಪಂಕ್’ ಆಟ ಬರೆದ ಮೇಲೆ, ಅದಕ್ಕೆ 1991ರಲ್ಲಿ ‘ಕ್ರೋಮ್‌ಬುಕ್’ ಎಂಬ ಸರಕುಪಟ್ಟಿಯೇ ಬಂತು. ಕಥೆ ಓದದೆ ಬರೀ ಪಟ್ಟಿ ಓದಿದರೂ ಆ ನಗರ ಎಂಥದ್ದೆಂದು ತಿಳಿಯುತ್ತಿತ್ತು.

ಸಿನಿಮಾದಲ್ಲಿ ಕಾರು ಸರಕಾಗುವ ಈ ಬಗೆಯನ್ನು ಸರಿಯಾಗಿ ಹಿಡಿದದ್ದು ಪಾಲ್ ವರ್ಹೂವನ್ ಅವರ ‘ರೋಬೋಕಾಪ್’ (1987). ಅದರ ‘6000 ಎಸ್‌ಯುಎಕ್ಸ್’ ಕಾರಿನ ನಕಲಿ ಟಿವಿ ಜಾಹೀರಾತು, ಗ್ಯಾಲನ್‌ಗೆ 8.2 ಮೈಲಿ, ಅಂದರೆ ಲೀಟರಿಗೆ ಸುಮಾರು ಮೂರೂವರೆ ಕಿಲೋಮೀಟರ್ ಮೈಲೇಜನ್ನು ಹೆಮ್ಮೆಯಿಂದ ಸಾರುತ್ತದೆ. ಮೇಯರನ್ನು ಒತ್ತೆಯಿಟ್ಟುಕೊಂಡವನು ಕೂಡ ಕೇಳುವುದು ಪೆಟ್ರೋಲು ಕುಡಿಯುವ ಇಂಥದ್ದೇ ಕಾರು. ಅಮೆರಿಕದ ಕಾರು ಉದ್ಯಮದ ತವರಾದ ಡೆಟ್ರಾಯಿಟ್ ಮೇಲೆ ಇದಕ್ಕಿಂತ ಚುರುಕಾದ ಟೀಕೆಯನ್ನು ನಾನು ನೋಡಿಲ್ಲ.

ಆಮೇಲೆ ನಿಜವಾದ ಕಂಪನಿಗಳೇ ನುಗ್ಗಿದವು. 2002ರ ‘ಮೈನಾರಿಟಿ ರಿಪೋರ್ಟ್’ನಲ್ಲಿ ಲೆಕ್ಸಸ್, 2004ರ ‘ಐ, ರೋಬೋಟ್’ನಲ್ಲಿ ಗೋಳದಂಥ ಚಕ್ರಗಳ ಆಡಿ. ಚೆಂದದ ಕಾರುಗಳೇ, ಆದರೆ ಶೋರೂಮಿನಿಂದ ಆಗಷ್ಟೇ ಇಳಿದಂತಿದ್ದವು. ತನ್ನ ಕಾರು ತುಕ್ಕು ಹಿಡಿದದ್ದನ್ನು ತೋರಿಸಲು ಯಾವ ಕಂಪನಿ ಒಪ್ಪೀತು?

ಪೋಲೆಂಡಿನ ಸಿಡಿ ಪ್ರೊಜೆಕ್ಟ್ ರೆಡ್, ಪಾಂಡ್‌ಸ್ಮಿತ್ ಲೋಕವನ್ನೇ ಆಧರಿಸಿ 2020ರ ಡಿಸೆಂಬರ್‌ನಲ್ಲಿ ‘ಸೈಬರ್‌ಪಂಕ್ 2077’ ವಿಡಿಯೊಗೇಮ್ ತಂದಾಗ ಸಿನಿಮಾದ ನೋಟ, ಟೇಬಲ್ ಆಟದ ಬೆಲೆಚೀಟಿ ಎರಡೂ ಧಾರೆಗಳು ಕೂಡಿದವು. ನೈಟ್ ಸಿಟಿ ಎಂಬ ಆ ಊರಲ್ಲಿ ಕಾರು ಮಾರುವವರು ‘ಫಿಕ್ಸರ್’ ಎಂಬ ದಲ್ಲಾಳಿಗಳು. ಫೋನಿಗೆ ಸಂದೇಶದ ಮೇಲೆ ಸಂದೇಶ. ಬಿಡುಗಡೆಯ ಹೊತ್ತಿಗೆ ಡಬ್ಬಿಯಂಥ ಥಾರ್ಟನ್ ಗಲೀನಾ 13,000 ಯೂರೋಡಾಲರ್ (ಅಲ್ಲಿನ ಹಣ). ರೇಫೀಲ್ಡ್ ಏರನ್‌ಡೈಟ್ 2,25,000. ಈ ದುಬಾರಿ ಕಾರಿಗೆ ಗಾಜಿನ ಕಿಟಕಿಯೇ ಇಲ್ಲ. ಹೊರಗಿನದನ್ನು ಕ್ಯಾಮೆರಾ ಒಳಗೋಡೆಯ ಮೇಲೆ ಮೂಡಿಸುತ್ತದೆ: ಒಳಗಿನವನು ಬೀದಿಯನ್ನು ನೋಡಬಹುದು, ಬೀದಿ ಅವನನ್ನು ನೋಡುವಂತಿಲ್ಲ. ಆ ಸಮಾಜದ ಬಗ್ಗೆ ಆಟದ ಎಷ್ಟೋ ಸಂಭಾಷಣೆಗಳು ಹೇಳದ್ದನ್ನು ಈ ಕಿಟಕಿಯಿಲ್ಲದ ಬಾಗಿಲು ಹೇಳುತ್ತದೆ. ಬಿಡುಗಡೆಯ ಹೊತ್ತಿಗೆ ಅಲ್ಲಿನ ಕಾರುಗಳಲ್ಲಿ ನಮ್ಮ ಲೋಕದ ಹೆಸರಿದ್ದದ್ದು 1977ರ ಪೋರ್ಷ 911 ಟರ್ಬೊ ಒಂದಕ್ಕೇ, ಅದು ಮಾರಾಟಕ್ಕಿಲ್ಲ. ಕಥೆಯ ಹಾದಿಯಲ್ಲಿ ಗಳಿಸಬೇಕು. 2023ರ ಪರಿಷ್ಕರಣೆಯಲ್ಲಿ ದಲ್ಲಾಳಿಗಳ ಕಾಟ ತಪ್ಪಿ ‘ಆಟೋಫಿಕ್ಸರ್’ ಎಂಬ ಆನ್‌ಲೈನ್ ಮಳಿಗೆ ಬಂತು. ಎಲ್ ಕಪಿತಾನ್ ಎಂಬ ಪಾತ್ರಕ್ಕಾಗಿ ಬೇರೆಯವರ ಕಾರು ಕದ್ದು ತಂದುಕೊಟ್ಟರೆ ಈ ಮಳಿಗೆಯಲ್ಲಿ ರಿಯಾಯಿತಿ! ವ್ಯಂಗ್ಯದಲ್ಲಿ ‘ರೋಬೋಕಾಪ್’ಗೆ ಸರಿಸಾಟಿ ಇದು.

ನಮ್ಮ ಕಡೆ ‘ಕಲ್ಕಿ 2898 ಎಡಿ’ (2024) ತೆಲುಗು ಚಿತ್ರ ಬಂತು. ಕನ್ನಡಕ್ಕೂ ಡಬ್ ಆಯಿತು. ಅದರ ‘ಬುಜ್ಜಿ’ ಕಾರನ್ನು ಮಹೀಂದ್ರ ಮತ್ತು ಕೊಯಮತ್ತೂರಿನ ಜಯಂ ಸಂಸ್ಥೆ ನಿಜಕ್ಕೂ ಓಡುವಂತೆ ಕಟ್ಟಿದವು. ತೂಕ ಸುಮಾರು ಆರು ಟನ್. ತಾಂತ್ರಿಕವಾಗಿ ದೊಡ್ಡ ಸಾಹಸವೇ. ಆದರೆ ಬುಜ್ಜಿ ನಾಯಕನ ಗೆಳತಿ, ಸರಕಲ್ಲ. ಕಂತು, ಬಡ್ಡಿ, ಸೆಕೆಂಡ್ ಹ್ಯಾಂಡ್ ಬಜಾರು ಇರುವ ಭವಿಷ್ಯವನ್ನು ನಮ್ಮ ಸಿನಿಮಾ ಇನ್ನೂ ಕಲ್ಪಿಸಬೇಕಿದೆ.

ಅಷ್ಟರಲ್ಲಿ ವಾಸ್ತವವೇ ಈ ಮಾರುಕಟ್ಟೆಗೆ ಇಳಿದಿದೆ. ‘ಬ್ಲೇಡ್ ರನ್ನರ್’ ಕಥೆ ನಡೆಯುವುದು 2019ರ ನವೆಂಬರ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅದೇ ತಿಂಗಳು, ಆ ನಗರದ ಪಕ್ಕದ ಹಾಥಾರ್ನ್‌ನಲ್ಲಿ ಟೆಸ್ಲಾ ತನ್ನ ಸೈಬರ್‌ಟ್ರಕ್ ಅನಾವರಣ ಮಾಡಿತು. ಒಡೆಯದೆಂದು ಸಾರಿದ ಗಾಜು ವೇದಿಕೆಯ ಮೇಲೆಯೇ ಬಿರುಕುಬಿಟ್ಟಿತು. ಅಂದು ಹೇಳಿದ ಆರಂಭಿಕ ಬೆಲೆ 39,900 ಡಾಲರ್. 2023ರ ನವೆಂಬರ್‌ನಲ್ಲಿ ಗ್ರಾಹಕರ ಕೈಗೆ ಬರುವ ಹೊತ್ತಿಗೆ ಅದು 60,990 ಆಗಿತ್ತು.